ಹೆಚ್ಚುವರಿ ಹನ್ನೊಂದು ಮೀಟರ್

ನೆಕ್ಕರೆಪದವಿನ ಹುಲ್ಲಿಗೆ ಒಂದು ಕಾಲದಲ್ಲಿ
ಸರದಿ ಇತ್ತಂತೆ.
ಮಳೆ ನಿಂತದ್ದೇ ಕತ್ತಿ ಮಸೆದು ಹತ್ತುವವರು;
ಮುಳಿ ಕೊಯ್ದು, ಕಟ್ಟು ಬಿಗಿದು,
ತಲೆಹೊರೆಯಲ್ಲಿ ಸಾಲಾಗಿ ಇಳಿದರೆ
ಗುಡ್ಡೆಯೇ ಎದ್ದು ನಡೆದು ಬಂದ ಹಾಗೆ.
ಇದು ಬಟ್ಯ ನಾಯ್ಕರ ಮಾತು. ಎಂಬತ್ತೆರಡು ಅವರಿಗೆ.

ಆಮೇಲೆ ಹಂಚು ಬಂತು, ಶೀಟು ಬಂತು, ತಾರಸಿ ಬಂತು.
ಹುಲ್ಲು ಮಾತ್ರ ವರ್ಷವೂ ಎದೆಮಟ್ಟ ಬೆಳೆದು,
ಕೇಳುವವರಿಲ್ಲದೆ ನಿಂತಲ್ಲೇ ಒಣಗಿ,
ಒಂದು ಬೀಡಿಯ ತುದಿಗೆ ಕಾಯತೊಡಗಿತು.

ಹೋದ ವರ್ಷ ಸಿಕ್ಕಿತು ಆ ತುದಿ.
ಉಪ್ಪಳದ ಬೆಂಕಿಬಂಡಿ ಡಾಮರು ಮುಗಿಯುವಲ್ಲಿಗೆ ಬಂದು
ಗಂಟೆ ಬಾರಿಸುತ್ತ ನಿಂತಿತು.
ಪೈಪು ಇಷ್ಟೇ ಉದ್ದ ಎಂದರು.
ಹೋದವು ಗೇರುಮರಗಳು,
ಲೂಸಿ ಕ್ರಾಸ್ತರ ಹದಿನಾಲ್ಕು ಜೇನುಪೆಟ್ಟಿಗೆ,
ಒಂದು ಆಮೆ.
ಚಿಪ್ಪು ಈಗಲೂ ಶಾಲೆಯ ಕಪಾಟಿನಲ್ಲಿದೆ, ಗ್ಲೋಬಿನ ಪಕ್ಕ.

ಹಾಗಾಗಿ ಈ ಮಾಯಿ ತಿಂಗಳಲ್ಲಿ
ವಾಚನಾಲಯದ ಜಗಲಿಯಲ್ಲಿ ಸಭೆ.
ಮಸೀದಿ ಕಮಿಟಿ, ಭಜನಾಮಂದಿರದ ಹುಡುಗರು,
ಮೊಗೇರ ಕಾಲನಿಯಿಂದ ಕೊರಪೊಳು,
ಅರಣ್ಯದ ಕುಂಞಂಬು, ಕೈಯಲ್ಲಿ ನಕ್ಷೆಯ ಫೋನು.
ನಾನು ಉದ್ಯೋಗಖಾತರಿಯ ಮೇಟ್.
ಫಾರಮು ಮಲಯಾಳದಲ್ಲಿ, ತುಂಬಿಸುವುದು ಕನ್ನಡದಲ್ಲಿ.
ಫೋನಿನಲ್ಲಿ ಪದವು ಹಸಿರು.
ನಾಯ್ಕರು ಊರುಗೋಲಿನಿಂದ ಮಣ್ಣಲ್ಲಿ ಗೀರಿದರು:
ಬೆಂಕಿ ಇಲ್ಲಿ ಹತ್ತುತ್ತದೆ, ಇಲ್ಲಿ ಉಸಿರು ಎಳೆಯುತ್ತದೆ,
ಇಲ್ಲಿ ಹಾರುತ್ತದೆ.

ಹನ್ನೆರಡು ದಿನ. ನಾಲ್ಕು ಮೀಟರ್ ಅಗಲ.
ಹುಲ್ಲು ಕೊಯ್ದು, ಬೇರು ಕೆರೆದು,
ಮುರಕಲ್ಲಿನ ಬೆನ್ನು ಕಾಣುವ ತನಕ.

ಒಂಬತ್ತನೇ ದಿನ ಕೊರಪೊಳುವಿನ ಹಾರೆ
ಗಾಳಿಯಲ್ಲೇ ನಿಂತಿತು.
ಕಲ್ಲಿನ ಬಣ್ಣದ, ಕಲ್ಲಲ್ಲದ ನಾಲ್ಕು.
ತಲೆಯ ಮೇಲೆ ಟಿಟ್ಟಿಭ, ಕಿರುಚಿ ಕಿರುಚಿ ಎರಗುತ್ತ.
ಗೆರೆ ನೇರ ಹೋಗಬೇಕು ಎಂದ ಕುಂಞಂಬು.
ಯಾರೂ ಇಲ್ಲ ಅನ್ನಲಿಲ್ಲ, ಯಾರೂ ಹಾರೆ ಎತ್ತಲಿಲ್ಲ.
ಸ್ವಲ್ಪ ಹೊತ್ತು ತನ್ನ ಬೂಟು ನೋಡಿಕೊಂಡು
ಟೇಪು ಸುತ್ತಿ ಕಿಸೆಗಿಟ್ಟ.
ಗೆರೆ ಬಾಗಿತು.

ನೋಂಬಿನ ಹದಿನೇಳನೆಯ ರಾತ್ರಿ
ಆ ಹಕ್ಕಿ ಕೂಗಿದ್ದು ನನಗೂ ಕೇಳಿತ್ತು.
ಅಪಶಕುನ ಎಂದು ಮಗ್ಗುಲು ಬದಲಿಸಿದ್ದೆ.
ಅತ್ತಾಳಕ್ಕೆ ಎದ್ದ ಬೀಫಾತು ಬಾಗಿಲು ತೆರೆದಳು.
ಗುಡ್ಡೆಯ ನೆತ್ತಿ ಕೆಂಪು.

ತೀ ಎಂದು ಕೂಗಿದಳು ಅವಳು,
ತೂ ಎಂದಳು ಕೊರಪೊಳು,
ಉಜೊ, ಉಜೊ ಎಂದು ಓಡಿ ಬಂದರು ಲೂಸಿಬಾಯಿ,
ನಾನು ಬೆಂಕಿ ಎಂದೆ.
ಅನುವಾದ ಬೇಕಾಗಲಿಲ್ಲ.

ಕುಂಟಲದ ಹಸಿ ಗೆಲ್ಲು, ಒದ್ದೆ ಗೋಣಿ, ಕೊಡಪಾನ.
ಸುರಂಗದ ನೀರು ಕೈಯಿಂದ ಕೈಗೆ ಹತ್ತಿತು.
ಗೆರೆಯ ಅಂಚಿಗೆ ಬಂದ ಬೆಂಕಿ
ಹೊಸ್ತಿಲಲ್ಲಿ ಚಪ್ಪಲಿ ಬಿಡುವವರ ಹಾಗೆ ತಡೆಯಿತು.
ಬಾಗಿದಲ್ಲಿ ಮಾತ್ರ, ನಾವು ಅವಸರದಲ್ಲಿ ಕೆರೆದಲ್ಲಿ,
ಹಾರಿತು.
ನಾಯ್ಕರ ಮೊಮ್ಮಗನ ಹುಬ್ಬು ಸುಟ್ಟಿತು.
ಅರ್ಧ ಸೆಂಟ್ಸು ಜಾಗ ಕಪ್ಪಾಗಿ ಸೋತಿತು.

ಬೆಳಗಾಗುವಾಗ ಬಾಂಗು ಆಗಿ ಹೋಗಿತ್ತು.
ಬೀಫಾತುವಿಗೆ ನೀರು ನೀಡಿದೆ, ತಲೆಯಾಡಿಸಿದಳು.
ಉಣ್ಣದ ಅತ್ತಾಳ ಮನೆಯಲ್ಲಿ ಆರಿತ್ತು.
ಮಸಿಮುಖದಲ್ಲೇ ನೋಂಬು ಹಿಡಿದು ಇಳಿದಳು,
ಸಂಜೆಯ ತನಕ.

ಮೊಟ್ಟೆ ನಾಲ್ಕೂ ಇದ್ದವು.
ಬಿಸಿ ಹಕ್ಕಿಯದೋ ಬೆಂಕಿಯದೋ,
ಮುಟ್ಟಿ ನೋಡಲಿಲ್ಲ. ದೂರ ಸರಿದು ಕೂತೆವು.
ಬಹಳ ಹೊತ್ತು ಹಕ್ಕಿ ಬರಲಿಲ್ಲ.

ಪಂಚಾಯತಿನಿಂದ ಮೊನ್ನೆ ಫೋನು:
ಗೆರೆ ನಕ್ಷೆಗಿಂತ ಹನ್ನೊಂದು ಮೀಟರ್ ಜಾಸ್ತಿ, ಕಾರಣ?
ಕಾರಣದ ಕಾಲಮಿನಲ್ಲಿ ಬರೆದಿದ್ದೇನಲ್ಲ, ಎಂದೆ.
ಬರೆದಿದ್ದೀರಿ, ಎಂದ ಗುಮಾಸ್ತ, ಟಿಟ್ಟಿಭ ಅಂತ.
ಯಾರು ಆ ಹೆಂಗಸು? ಯಾವ ವಾರ್ಡು?
ಜಾಬ್‌ಕಾರ್ಡಿನ ನಂಬರು ಎಲ್ಲಿ?