ಷರಾ

ಹಿಂದಿನ ಬೆಂಚು ನನಗೆ ಗಿಡ್ಡ. ಮೊಣಕಾಲು ಹಲಗೆಗೆ ತಾಗುತ್ತದೆ.
ಇಪ್ಪತ್ತಾರು ವರ್ಷ ಆಚೆ ತುದಿಯಲ್ಲೇ ನಿಂತವಳಿಗೆ
ಮಾಲ್ದಾರೆಯ ಈ ಕೋಣೆ ಇಷ್ಟು ಉದ್ದವೆಂದು
ಗೊತ್ತೇ ಇರಲಿಲ್ಲ.

ಕೂಡಿಗೆಯಿಂದ ಪಾಠ ಕಲಿಯಲು ಬಂದ ಹುಡುಗಿ, ಬಿಂದು.
ಹನ್ನೊಂದನೆಯ ಪಾಠ, ನಾಲ್ಕನೇ ತರಗತಿ, ಭಿನ್ನರಾಶಿ.
ಸೀರೆ ಇನ್ನೂ ಅವಳ ಮಾತು ಕೇಳುವುದಿಲ್ಲ:
ಎಡಗೈ ನೆರಿಗೆ ಕಾಯುತ್ತದೆ, ಬಲಗೈ ಬರೆಯುತ್ತದೆ,
ಸೀಮೆಸುಣ್ಣ ಎರಡು ಸಲ ಮುರಿಯಿತು.
ರಟ್ಟಿನಲ್ಲಿ ಕೇಕು ಮಾಡಿ ತಂದಿದ್ದಾಳೆ, ಎಂಟು ತುಂಡು,
ರಾತ್ರಿಯಿಡೀ ಕೂತು ಬಣ್ಣ ಬಳಿದಿರಬೇಕು.
ಹಾಜರಿಯಲ್ಲಿ ಮೂವತ್ತೊಂದು ಹೆಸರು, ಎದುರಿಗೆ ಹದಿನಾಲ್ಕು ತಲೆ.
ಉಳಿದವರು ಕಾಫಿ ಕೊಯ್ಲಿನಲ್ಲಿ, ಇಲ್ಲವೇ ಕಣದ ಬದಿಯಲ್ಲಿ
ತಮ್ಮನನ್ನೋ ತಂಗಿಯನ್ನೋ ಕಂಕುಳಲ್ಲಿಟ್ಟುಕೊಂಡು.

ಬರೆದೆ: ಧ್ವನಿ ಸಾಲದು.
ಬರೆದೆ: ಬೋರ್ಡಿಗೆ ಅಡ್ಡ ನಿಲ್ಲಬೇಡ.

ವಿರಾಜಪೇಟೆಯಲ್ಲಿ ದೇಚಮ್ಮ ಟೀಚರು ನನ್ನ ಪುಸ್ತಕದಲ್ಲಿ
ಕೆಂಪು ಶಾಯಿಯಲ್ಲಿ ಬರೆದದ್ದೂ ಇವೇ ಎರಡು.
ಬರೆಯದೆ ಕಿವಿಯಲ್ಲಿ ಹೇಳಿದ್ದು ಮೂರನೆಯದು:
ಅಳು ಬಂದರೆ ಹೊರಗೆ ಹೋಗಿ ನೀರು ಕುಡಿ,
ಮಕ್ಕಳು ಕಾಯುತ್ತವೆ, ಇನ್ಸ್‌ಪೆಕ್ಟರೂ ಕಾಯಲಿ.

ಆಗಲೇ ಅರಣ್ಯ ಇಲಾಖೆಯ ಜೀಪು ಕೂಗುತ್ತ ಹೋಯಿತು,
ತೋಟದೊಳಗೆ ಆನೆ, ಯಾರೂ ಹೊರಗೆ ಬರಬೇಡಿ.
ಕೇಕು ನೆಲಕ್ಕೆ. ಹದಿನಾಲ್ಕೂ ಕಿಟಕಿಗೆ.
ಪಾಠಯೋಜನೆಯಲ್ಲಿ ಆನೆಗೆ ನಿಮಿಷ ಇಟ್ಟಿರಲಿಲ್ಲ.
ನಾನಾಗಿದ್ದರೆ ಬೆತ್ತದಿಂದ ಮೇಜು ಕುಟ್ಟುತ್ತಿದ್ದೆ.
ಬಿಂದುವೂ ಕಿಟಕಿಗೆ ಹೋದಳು.
ಎಷ್ಟು? ನಾಲ್ಕು ಟೀಚರ್, ಒಂದು ಮರಿ.
ಹಾಗಾದರೆ ಮರಿ, ಹಿಂಡಿನ ಎಷ್ಟನೇ ಭಾಗ?

ಕಾಲು, ಕಾಲು, ಕಾಲು ಎಂದು ಕಿರುಚಾಟ.
ಸಂಜು ಮಾತ್ರ ಸುಮ್ಮನೆ.
ಮೂರು ವರ್ಷದಿಂದ ಅವನ ಪ್ರಗತಿಪತ್ರದಲ್ಲಿ ನಾನೇ ಬರೆಯುತ್ತಿದ್ದೇನೆ,
ಮಾತನಾಡುವುದಿಲ್ಲ.
ಬಿಂದು ಬಗ್ಗಿ ಅವನನ್ನು ಬೇರೊಂದು ಹೆಸರಿನಿಂದ ಕರೆದಳು,
ಲೈನ್ ಮನೆಯಲ್ಲಿ ಕರೆಯುವ ಹೆಸರು,
ಮತ್ತೆ ಏನನ್ನೋ ಕೇಳಿದಳು, ಎರವರ ಮಾತಿನಲ್ಲಿ.
ಅವಳದೂ ಅದೇ ಮಾತು. ಅವಳ ಅರ್ಜಿಯಲ್ಲಿತ್ತು,
ನಾನು ಸಹಿ ಹಾಕಿದ್ದೆ, ಓದಿರಲಿಲ್ಲ.

ಹುಡುಗ ಬಾಯಿ ಬಿಟ್ಟ.
ಒಂದು ಮಾತಲ್ಲ, ನಿಲ್ಲದೆ, ಕೈ ಆಡಿಸಿಕೊಂಡು,
ಹದಿಮೂರು ತಲೆ ಹಿಂದೆ ತಿರುಗುವ ಹಾಗೆ.
ನನ್ನ ಪೆನ್ನು ಷರಾ ಎಂಬ ಕಾಲಮ್ಮಿನ ಮೇಲೆ ನಿಂತಿತ್ತು.
ಬೋಧನಾ ಮಾಧ್ಯಮ ಕನ್ನಡ ಎಂದು ಪಕ್ಕದಲ್ಲೇ ಅಚ್ಚಾಗಿದೆ.

ಮಧ್ಯಾಹ್ನ ನಲ್ಲಿಯ ಹತ್ತಿರ ಡಬ್ಬಿ ತೊಳೆಯುತ್ತ ಕೇಳಿದಳು,
ಟೀಚರ್, ತಪ್ಪಾಯಿತಾ?
ಬೋರ್ಡಿಗೆ ಅಡ್ಡ ನಿಲ್ಲಬೇಡ, ಅಂದೆ.
ಸ್ವಲ್ಪ ಹೊತ್ತು ಬಿಟ್ಟು, ಅವನು ಏನಂದ?
ನಕ್ಕಳು. ಕಾಲು ಭಾಗ ಅಲ್ಲವಂತೆ ಟೀಚರ್,
ಮರಿ ತಾಯಿಯ ಹೊಟ್ಟೆ ಕೆಳಗೇ ನಡೆಯುತ್ತದಂತೆ,
ಬೇರೆ ಎಣಿಸಬಾರದಂತೆ, ಎಣಿಸಿದರೆ
ತಾಯಿಗೆ ಸಿಟ್ಟು ಬರುತ್ತದಂತೆ.

ಇಪ್ಪತ್ತೈದಕ್ಕೆ ಎಷ್ಟು ಕೊಡಲಿ ಈ ಉತ್ತರಕ್ಕೆ?

ಆನೆ ದಾಟಿದ ಮೇಲೇ ಸಿದ್ದಾಪುರದ ಬಸ್ಸು.
ಅಲ್ಲಿಯವರೆಗೆ ಗೇಟಿನ ಬಳಿ ನಿಂತು
ಆ ಹುಡುಗನ ಮನೆಯ ಹೆಸರನ್ನು ಹೇಳಿ ನೋಡಿದೆ, ಬೊಳ್ಕ.
ಅವಳು ತಿದ್ದಿದಳು. ಮತ್ತೆ ಹೇಳಿದೆ. ಮತ್ತೆ ತಿದ್ದಿದಳು.
ಮೂರನೆಯ ಸಲ, ಸೆರಗು ಸರಿಮಾಡಿಕೊಳ್ಳುತ್ತ,
ಕಣ್ಣಲ್ಲಿ ಒಂಚೂರು ತುಂಟತನ:
ಧ್ವನಿ ಸಾಲದು, ಟೀಚರ್.