ನನ್ನ ಪಾಲಿನ ಹೂಜಿ ಗಿಡ

ರೊಡೆಲ್, ನೀನು ಸಿತ್ರಾದ ಕ್ಯಾಂಪಿಗೆ ಹೋಗಿ
ಇಂದಿಗೆ ಅರವತ್ತಮೂರು ದಿನ.
ನನ್ನ ಪಾಲಿನ ಹೂಜಿಗಳೆಲ್ಲ ಒಣಗಿದವು.
ಮೊದಲು ಮುಚ್ಚಳ, ಆಮೇಲೆ ಕಂಠ,
ಕೊನೆಗೆ ಹೊಟ್ಟೆ, ಬೀಡಿ ಎಲೆಯ ಬಣ್ಣಕ್ಕೆ ತಿರುಗಿ.

ನಮ್ಮ ಕಡೆ ಪಾಲಾಗುವುದೆಂದರೆ
ಸರ್ವೆಯವರು ಬಂದು ಸರಪಳಿ ಹಿಡಿಯಬೇಕು,
ತೆಂಗಿನಮರ ಎಣಿಸಬೇಕು,
ಅಣ್ಣತಮ್ಮಂದಿರು ಹತ್ತು ವರ್ಷ ಮುಖ ತಿರುಗಿಸಬೇಕು.
ನಾವು ಗುದೈಬಿಯಾದ ಅಡುಗೆಕೋಣೆಯ ನೆಲದಲ್ಲಿ
ಹಳೆಯ ಅರಬಿ ಪೇಪರು ಹಾಸಿ
ಮೀನಿನ ಚೂರಿಯನ್ನು ಕುದಿನೀರಿಗೆ ಅದ್ದಿ
ಒಂದೇ ಏಟಿಗೆ ಮುಗಿಸಿದೆವು.
ಬೇರು ಹೆಚ್ಚಿದ್ದ ತುಂಡನ್ನು ನೀನು ನನ್ನ ಕಡೆ ತಳ್ಳಿದೆ,
ನಾನು ನಿನ್ನ ಕಡೆ.
ಮೂರು ಸಲ.
ಕೊನೆಗೆ ನೂರು ಫಿಲ್ಸಿನ ನಾಣ್ಯ ಚಿಮ್ಮಿದೆವು,
ಸೋತವನಿಗೆ ದೊಡ್ಡದು ಎಂದು.
ನಾನು ಸೋತೆ.

ಹದಿನಾಲ್ಕು ವರ್ಷ ಏಸಿ ರಿಪೇರಿ ಮಾಡಿದವನು,
ತೊಟ್ಟಿಕ್ಕುವ ನೀರನ್ನು ಶತ್ರುವೆಂದೇ ತಿಳಿದವನು:
ಸೀಲಿಂಗಿಗೆ ಕಲೆ, ಮೇಡಂಗೆ ಸಿಟ್ಟು, ನನಗೆ ಫೋನು.
ಈಗ ಅದೇ ಪೈಪಿನ ಬಾಯಿಗೆ ಬಾಟಲಿ ಒಡ್ಡಿ
ತೀರ್ಥ ಹಿಡಿದ ಹಾಗೆ ಹಿಡಿಯುತ್ತೇನೆ.
ಇಲ್ಲಿಯ ನಲ್ಲಿ ನೀರಿಗೆ ಸಮುದ್ರ ಪೂರ್ತಿ ಮರೆತಿಲ್ಲ,
ಕೆಟಲಿನ ತಳ ನೋಡು, ಬಿಳಿ ಪೊರೆ.
ಈ ಗಿಡಕ್ಕೆ ಅಷ್ಟೂ ಆಗದು.
ಕಾಯಿಲ್ ತೊಳೆದ ದಿನದ ನೀರು ಮಾತ್ರ ಬೇಡ,
ಕೆಮಿಕಲ್ ಇರುತ್ತದೆ, ಎರಡು ದಿನ ಬಿಡು.

ಗೊಬ್ಬರ ಹಾಕಬೇಡ.
ನೊಣ ಹಿಡಿದು ತಿನ್ನಿಸಬೇಡ, ನಿನಗೆ ಆ ಚಾಳಿ ಇದೆ.
ಪಾಚಿ ಒದ್ದೆಯಿರಲಿ, ಹಿಂಡಿದರೆ ಸುರಿಯುವಷ್ಟಲ್ಲ.
ಮೇಲೆ ಲಾಂಡ್ರಿಯ ಪ್ಲಾಸ್ಟಿಕ್ ಕವರು ಹೊದಿಸು,
ಮೂರನೆಯ ವಾರದಿಂದ ಅದಕ್ಕೆ ದಿನಕ್ಕೊಂದು ತೂತು.
ಕಿಟಕಿಯ ಹತ್ತಿರ ಬೇಡ; ಆಗಸ್ಟಿನಲ್ಲಿ ಆ ಗಾಜು ಕಾವಲಿ.
ಮತ್ತೆ, ಎಳೆದು ನೋಡಬೇಡ,
ಬೇರು ಹಿಡಿದಿದೆಯೋ ಇಲ್ಲವೋ ಎಂದು.
ನಾನು ನೋಡಿದೆ. ಎರಡು ಸಲ.
ಅದಕ್ಕೇ ಇಷ್ಟು ಖಂಡಿತವಾಗಿ ಹೇಳುತ್ತಿದ್ದೇನೆ.

ಕನ್ನಡದಲ್ಲಿ ಬರೆಯುತ್ತಿದ್ದೇನೆ, ನಿನಗೆ ಓದಲು ಬಾರದು.
ಫೋನಿನಲ್ಲಿ ಹೇಳುವುದು ಇಷ್ಟೇ:
‘ಏಸಿ ವಾಟರ್ ಗುಡ್. ಪುಲ್ಲಿಂಗ್ ನೋ.’

ಮೆಸ್ಸಿನ ಪೋಕರಾಕನಿಗೆ ಒಂದು ಕಾಯಿದೆ ಇತ್ತು.
ಹೊಸದಾಗಿ ವಿಮಾನ ಇಳಿದ ಹುಡುಗನಿಗೆ
ಒಂದು ವಾರ ಗಂಜಿ ಕೊಡಿ,
ಮನೆಯ ಸುದ್ದಿ ಕೇಳಬೇಡಿ,
ಬಂಗುಡೆ ಸಾರು ತಟ್ಟೆಗೆ ಸುರಿದು ಪ್ರೀತಿ ತೋರಿಸಬೇಡಿ.
ಶಿರೂರಿನವನೊಬ್ಬ ಗೋಡೆಗೆ ಮುಖ ಮಾಡಿ ಮಲಗಿದ್ದ.
ನಾವು ಎಂಟು ಮಂದಿ ಬದಿಯಲ್ಲೇ ಓಡಾಡಿಕೊಂಡು
ಕಾಲು ಸದ್ದಾಗದಂತೆ ಡ್ಯೂಟಿಗೆ ಹೋಗಿ ಬಂದೆವು.
ಒಂಬತ್ತನೆಯ ದಿನ ಎದ್ದು ಎಲ್ಲರ ತಟ್ಟೆ ತೊಳೆದ.
ಯಾಕೆಂದು ಯಾರೂ ಕೇಳಲಿಲ್ಲ.

ನಿನ್ನೆ ರಾತ್ರಿ ಜುಫೈರಿನಲ್ಲಿ ಕಂಪ್ರೆಸರ್ ಇಳಿಸಿ
ಬೆನ್ನು ಹಿಡಿದುಕೊಂಡು ಬಂದೆ.
ಸತ್ತಿತೆಂದು ಮೋಟು ಮಾಡಿದ ಕಾಂಡದ ಬುಡದಲ್ಲಿ
ಎಲೆಯೊಂದು ಯಾವಾಗಲೋ ಬಂದಿದೆ,
ಅದರ ತುದಿಗೆ ದಾರದಂಥ ಬಳ್ಳಿ,
ಬಳ್ಳಿಯ ತುದಿಗೆ ಗೇರುಬೀಜದಷ್ಟು ಒಂದು ಹೂಜಿ.
ಮುಚ್ಚಳ ಇನ್ನೂ ಬಿಗಿ.
ಟಾರ್ಚನ್ನು ಹಿಂದಿನಿಂದ ಹಿಡಿದೆ:
ಒಳಗೆ ಅರ್ಧದವರೆಗೆ ನೀರು,
ರಸಮಟ್ಟದ ಗುಳ್ಳೆಯ ಹಾಗೆ ಅಲುಗಿತು.
ನಾನು ಹುಯ್ದದ್ದಲ್ಲ.
ಯಾವ ಏಸಿಯದ್ದೂ ಅಲ್ಲ.
ನೆಲದ ಮೇಲೆ ಕೂತು ಬೂಟು ಬಿಚ್ಚುವುದನ್ನೂ ಮರೆತೆ.

ನಿನ್ನ ಚಿಕ್ಕದು ಹೇಗಿದೆ?
ಫೋಟೋ ಕಳಿಸು.
ಇಲ್ಲ, ಬೇಡ,
ಅದಕ್ಕೆ ಕವರು ತೆಗೆಯಬೇಕಾಗುತ್ತದೆ.