ಹೊತ್ತು ಗೊತ್ತಿಲ್ಲದ ಗೋಪುರ

ರಾತ್ರಿ ಎರಡಕ್ಕೆ ಅಪ್‌ಗ್ರೇಡ್ ಎಂದು ಆಜ್ಞೆ.
ಎರಡಕ್ಕೇ ಯಾಕೆಂದರೆ ಆಗ ಯಾರಿಗೂ ಏನೂ ಆಗುವುದಿಲ್ಲವಂತೆ;
ಹಾಗೆಂದವರು ಒಂದು ದಿನವೂ ರಾತ್ರಿ ಪಾಳಿ ಮಾಡಿದವರಲ್ಲ.
ಮಿಷಿಗನ್ನಿನ ಈ ಬಡಗಣ ಮೂಲೆಗೆ
ಸುಪೀರಿಯರ್ ಸರೋವರ ಮೂರು ದಿಕ್ಕಿನಿಂದ ಹಿಮ ಎರಚುತ್ತಿದೆ.
ಲ್ಯಾಪ್‌ಟಾಪನ್ನು ಹಸುಗೂಸಿನಂತೆ ಕೋಟಿನೊಳಗೆ ಅವಚಿಕೊಂಡು
ಮುಂದೆ ಆರ್ವೊ ಹಿಯೆಟಲ,
ಹಿಂದೆ ಬ್ಯಾಟರಿ ಹೊತ್ತು ನಾನು.

ಗುಡ್ಡಕ್ಕೊಂದರಂತೆ ಆರು ಗೋಪುರ.
ಒಂದೇ ಮಾತನ್ನು ಆರೂ ಒಂದೇ ಕ್ಷಣಕ್ಕೆ ಆಡಬೇಕು.
ಕ್ಷಣವೆಂದರೆ ರೆಪ್ಪೆ ಬಡಿಯುವಷ್ಟಲ್ಲ,
ಆ ರೆಪ್ಪೆ ಬಡಿತವನ್ನು ಲಕ್ಷ ಚೂರು ಮಾಡಿದರೆ ಅದರಲ್ಲೊಂದು ಚೂರು.
ಒಂದು ತಡವರಿಸಿದರೂ
ನಡುವಿನ ಕಣಿವೆಯಲ್ಲಿ ಮಾತಿಗೆ ಮಾತು ಡಿಕ್ಕಿ ಹೊಡೆದು
ಬೆಂಕಿ ಎಲ್ಲಿ ಎಂದವರ ಕಿವಿಗೆ ಮರಳು ಸುರಿದ ಸದ್ದು.
ಚರ್ಚಿನ ಹಾಡಿನಲ್ಲಿ ನನ್ನ ದೊಡ್ಡಮ್ಮ ಸದಾ ಅರ್ಧ ಸಾಲು ಹಿಂದೆ,
ಯಾರೂ ಏನೂ ಅನ್ನುವುದಿಲ್ಲ.
ಗೋಪುರಕ್ಕೆ ಆ ಸಲುಗೆ ಇಲ್ಲ.
ನೆತ್ತಿಯ ಮೇಲೊಂದು ಬಿಳಿ ಬಟ್ಟಲು ಬೋರಲಿಟ್ಟುಕೊಂಡು
ಉಪಗ್ರಹಗಳಿಂದ ಹೊತ್ತನ್ನು ಕಡ ತಂದು
ಹೊತ್ತು ನಿಂತಿರುತ್ತದೆ.

ಎರಡೂ ಹತ್ತು. ಹಸಿರು ಪಟ್ಟಿ ತುದಿ ಮುಟ್ಟಿತು.
ಊರಿನ ಕಂಟ್ರೋಲ್ ರೂಮಿನಿಂದ ಲೆಂಪಿಯ ಫೋನು:
'ನಿಮ್ಮ ನಾಲ್ಕನೆಯದು ಗುಂಪು ಬಿಟ್ಟಿದೆ, ಆರ್ವೊ.
ತಾರೀಖು ನೋಡು.'

ಜುಲೈ ಆರು.
ಹತ್ತೊಂಬತ್ತು ವರ್ಷಕ್ಕೂ ಹಿಂದಿನ ಜುಲೈ ಆರು.

ಆ ಹಳೆಯ ರಿಸೀವರಿಗೆ ವಾರ ಎಣಿಸುವುದಷ್ಟೇ ಗೊತ್ತು,
ಸಾವಿರದ ಇಪ್ಪತ್ತಮೂರು ಆದಮೇಲೆ ಮತ್ತೆ ಸೊನ್ನೆ.
ಹಳೇ ಸಾಫ್ಟ್‌ವೇರ್ ಅದರ ಮರೆವನ್ನು ತಿದ್ದಿಕೊಂಡು ಸಂಸಾರ ಮಾಡಿತ್ತು,
ಹೊಸ ಸೊಸೆ ಕೇಳಿದ್ದನ್ನೆಲ್ಲ ನಂಬಿದಳು.
ತಮಾಷೆಯೆಂದರೆ ವಾರ ಸರಿ: ಅಂದೂ ಮಂಗಳವಾರ.
ನಿಮಿಷ ಸರಿ, ಸೆಕೆಂಡು ಕೂದಲೆಳೆಯೂ ಆಚೀಚೆ ಇಲ್ಲ.
ವರ್ಷ ಒಂದೇ ತಪ್ಪು.

ಆರ್ವೊ ಕೈಗವಸು ತೆಗೆದು ಎಡಗೈ ನೋಡಿಕೊಂಡ.
'ಆಗ ಈ ಎರಡು ಬೆರಳು ಇದ್ದವು' ಎಂದ.
ಜನರೇಟರಿನ ಬೆಲ್ಟಿಗೆ ಕೊಟ್ಟದ್ದು ಅದರ ಮರುವರ್ಷ.
ನನಗಾಗ ಐದು ವಯಸ್ಸು, ಈಜು ಬರುತ್ತಿರಲಿಲ್ಲ.
ಹೀಟರು ಟಿಕ್ ಟಿಕ್ ಅನ್ನುತ್ತಿತ್ತು.

ಅಷ್ಟರಲ್ಲಿ ನನ್ನ ಸೊಂಟದ ರೇಡಿಯೊ,
ಒಂಟಿಯಾದ ಗೋಪುರದ ನೆರಳಲ್ಲಿ ಸಿಕ್ಕಿಕೊಂಡ ಒಂದೇ ದನಿ,
ಹಿಮ ತಳ್ಳುವ ಲಾರಿಯ ವೆಂಡೆಲ್:
'ಲೆಂಪಿ, ಲೆಂಪಿ, ಕಂದಕಕ್ಕೆ ಜಾರಿದ್ದೇನೆ.
ಹಿಮ ಎದೆಮಟ್ಟ. ಕೇಳ್ತಿದ್ದೀಯಾ?'
ಲೆಂಪಿಗೆ ಕೇಳುವಂತಿಲ್ಲ. ಅವಳು ಫೆಬ್ರವರಿಯಲ್ಲಿದ್ದಾಳೆ.

'ಕೇಳ್ತಿದೆ' ಎಂದು ನಾನೆಂದೆ.
ಒಂದು ಕಿವಿಗೆ ರೇಡಿಯೊ, ಇನ್ನೊಂದಕ್ಕೆ ಫೋನು,
ಅವನ ಮಾತು ಇವಳಿಗೆ, ಇವಳ ಮಾತು ಅವನಿಗೆ,
ತಡವಾಗಿ, ತೊದಲುತ್ತ, ನನ್ನ ದೊಡ್ಡಮ್ಮನಂತೆ ಅರ್ಧ ಸಾಲು ಹಿಂದೆ.
ಪಕ್ಕದಲ್ಲಿ ಎಂಟು ಬೆರಳು
ಬಿಡಿ ರಿಸೀವರನ್ನು ತಿರುಪು ತಿರುಪಾಗಿ ಕೂರಿಸುತ್ತಿದ್ದವು.

ಮೂರೂ ಕಾಲಿಗೆ ಗೋಪುರ ಇವತ್ತಿಗೆ ಬಂತು.
ಎಳೆಯುವ ಲಾರಿ ವೆಂಡೆಲನನ್ನು ಮುಟ್ಟಿದ್ದು ನಾಲ್ಕಕ್ಕೆ.
ಗೋಪುರದ ದಾಖಲೆಯಲ್ಲಿ ಒಂದು ಸಾಲು ಉಳಿದಿದೆ:
ಜುಲೈ ಆರು, ಹಿಮ ಎದೆಮಟ್ಟ.
ತಿದ್ದಬೇಕೆಂದು ನಿಯಮ. ಆರ್ವೊ ಮುಚ್ಚಳ ಮುಚ್ಚಿದ.

ಇಳಿದು ಬಂದು ಅವನ ಟ್ರಕ್ಕು ಹತ್ತಿದರೆ
ಅಲ್ಲಿನ ಗಡಿಯಾರ ಒಂದು ಗಂಟೆ ಮುಂದೆ,
ನವೆಂಬರಿನಿಂದಲೂ ಹಾಗೇ ಇದೆ.
ಸರಿ ಮಾಡಲೇ ಎಂದು ಕೈ ಚಾಚಿದೆ.
'ಬಿಡು ಕೈಸಾ' ಎಂದ, ಹೀಟರಿಗೆ ಅಂಗೈ ಒಡ್ಡುತ್ತ,
'ಮಾರ್ಚಿಗೆ ತಾನೇ ಸರಿಹೋಗುತ್ತೆ.'